ಎರಡು ಬಂಡೆಗಳ ನಡುವಿನ ಗೆರೆ

ಹೊಳೆಯ ಈಚೆ ದಡದಲ್ಲಿ ನಿಂತು ಆಚೆ ದಡದ ದರೆಯನ್ನು ಬಹಳ ಹೊತ್ತು ನೋಡಿದೆ. ಮೊದಲ ನೋಟಕ್ಕೆ ಅಲ್ಲೇನೂ ಕಾಣಲಿಲ್ಲ. ಹಾವಸೆ, ಜರಿಗಿಡ, ಮಣ್ಣಿನಿಂದ ಹೊರಗೆ ಇಣುಕಿದ ಮರದ ಬೇರು, ಕೆಳಗೆ ಕಲ್ಲುಗಳನ್ನು ಬಳಸಿಕೊಂಡು ಹರಿಯುವ ಕಂದು ನೀರು, ಇಷ್ಟೇ. ಕಣ್ಣು ಪಳಗಿದ ಮೇಲೆ ಕಲ್ಲಿನ ಜೋಡಣೆ ಮೆಲ್ಲಗೆ ಗೋಚರಿಸತೊಡಗಿತು. ಕೆಳಗಿನ ಬೂದುಗಲ್ಲಿನ ಪದರಗಳು ನೆಟ್ಟಗೆ ನಿಂತಿವೆ, ತೊಳೆದು ಸ್ಟ್ಯಾಂಡಿನಲ್ಲಿ ನಿಲ್ಲಿಸಿದ ತಟ್ಟೆಗಳ ಹಾಗೆ. ಅವುಗಳ ತಲೆಯ ಮೇಲೆ ಕೆಂಪು ಮರಳುಗಲ್ಲಿನ ಪದರಗಳು ಅಡ್ಡಡ್ಡ ಮಲಗಿವೆ, ಬುಟ್ಟಿಯಲ್ಲಿ ಒಂದರ ಮೇಲೊಂದು ಇಟ್ಟ ಜೋಳದ ರೊಟ್ಟಿಗಳ ಹಾಗೆ. ನಿಂತ ಕಲ್ಲೂ ಮಲಗಿದ ಕಲ್ಲೂ ಸೇರುವಲ್ಲಿ ಒಂದು ಗೆರೆ.

ಕೆಳಗಿನ ಕಲ್ಲಿಗೆ ಸುಮಾರು 43 ಕೋಟಿ ವರ್ಷ ವಯಸ್ಸು. ಮೇಲಿನದಕ್ಕೆ ಸುಮಾರು 37 ಕೋಟಿ. ನಡುವಿನ ಆರು ಕೋಟಿ ವರ್ಷಗಳಿಗೆ ಅಲ್ಲಿ ಒಂದೇ ಒಂದು ಪದರವೂ ಇಲ್ಲ. ಅಷ್ಟೂ ಕಾಲ ಆ ಗೆರೆಯೊಳಗೆ ಅಡಗಿ ಕೂತಿದೆ.

ಈ ಜಾಗದ ಹೆಸರು ಇಂಚ್‌ಬಾನಿ. ಸ್ಕಾಟ್ಲೆಂಡಿನ ದಕ್ಷಿಣದಲ್ಲಿ, ಇಂಗ್ಲೆಂಡಿನ ಗಡಿಗೆ ಹದಿನೈದಿಪ್ಪತ್ತು ಕಿಲೋಮೀಟರ್ ದೂರದಲ್ಲಿರುವ ಜೆಡ್‌ಬರೋ ಎಂಬ ಪುಟ್ಟ ಊರಿನ ಹೊರವಲಯ. ಊರಿನಲ್ಲಿ ಇರುವುದು ನಾಲ್ಕು ಸಾವಿರದಷ್ಟು ಜನ. ಜೆಡ್ ಎಂಬ ಹೊಳೆ ಊರನ್ನು ಬಳಸಿಕೊಂಡು ಹೋಗುತ್ತದೆ. ಪ್ರವಾಸಿಗಳು ಇಲ್ಲಿಗೆ ಬರುವುದು ಪಾಳುಬಿದ್ದ ಮಠ, ರಾಣಿ ಮೇರಿ ತಂಗಿದ್ದ ಮನೆ, ಗುಡ್ಡದ ಮೇಲಿನ ಹಳೆಯ ಸೆರೆಮನೆ ನೋಡಲು. ಇಂಚ್‌ಬಾನಿಯ ದರೆಗೆ ಬರುವವರು ಕಡಿಮೆ. ಅದು ಖಾಸಗಿ ಜಾಗ, ಕೇಳಿಕೊಂಡೇ ಹೋಗಬೇಕು, ಹೋದರೂ ಗಿಡಬಳ್ಳಿ ಮುಸುಕಿದ ಬಂಡೆ ಥಟ್ಟನೆ ಕಣ್ಣಿಗೆ ಬೀಳುವುದಿಲ್ಲ. ಆದರೂ ನನ್ನನ್ನು ಇಷ್ಟು ದೂರ ಎಳೆದು ತಂದದ್ದು ಆ ಗೆರೆಯೇ.

1787ರಲ್ಲಿ ಎಡಿನ್‌ಬರೋದಿಂದ ಜೇಮ್ಸ್ ಹಟನ್ ಇಲ್ಲಿಗೆ ಬಂದಿದ್ದ. ವೈದ್ಯಶಾಸ್ತ್ರ ಓದಿದರೂ ವೈದ್ಯನಾಗದೆ, ಬರ್ವಿಕ್‌ಶೈರಿನ ಜಮೀನಿನಲ್ಲಿ ಹಲವು ವರ್ಷ ಬೇಸಾಯ ಮಾಡಿದವನು. ಮಳೆ ಸುರಿದಾಗ ಹೊಲದ ಮಣ್ಣು ಕಾಲುವೆಗೆ, ಕಾಲುವೆಯಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ ಹೋಗುವುದನ್ನು ರೈತನ ಕಣ್ಣಿನಿಂದ ಕಂಡವನು. ಕೊಚ್ಚಿಹೋಗುವುದೊಂದೇ ನಡೆದಿದ್ದರೆ ಇಷ್ಟು ಹೊತ್ತಿಗೆ ನೆಲವೆಲ್ಲ ಕರಗಿ ಕಡಲು ಸೇರಬೇಕಿತ್ತು. ಹಾಗಾಗಿಲ್ಲ ಎಂದರೆ ಎಲ್ಲೋ ಹೊಸ ನೆಲ ತಯಾರಾಗುತ್ತಲೂ ಇರಬೇಕು ಎಂದು ಅವನು ಲೆಕ್ಕ ಹಾಕಿದ. ಆ ವಿಚಾರವನ್ನು 1785ರಲ್ಲೇ ಎಡಿನ್‌ಬರೋದ ರಾಯಲ್ ಸೊಸೈಟಿಯ ಮುಂದೆ ಇಟ್ಟಿದ್ದ. ಸಾಕ್ಷಿ ಬೇಕಿತ್ತು. ಅದು ಜೆಡ್ ಹೊಳೆಯ ದಂಡೆಯಲ್ಲಿ ಸಿಕ್ಕಿತು.

ಅವನು ಓದಿದ್ದನ್ನು ಇಂದು ನಾವೂ ಅದೇ ಕಲ್ಲಿನಲ್ಲಿ ಓದಬಹುದು. ಕೆಸರು ಯಾವುದೋ ಕಡಲಿನ ತಳದಲ್ಲಿ ಪದರ ಪದರವಾಗಿ ಕೂತಿತು. ನೀರಿನ ತಳದಲ್ಲಿ ಕೂತದ್ದು ಸಾಮಾನ್ಯವಾಗಿ ಅಡ್ಡಡ್ಡವೇ ಕೂರುತ್ತದೆ. ಅದು ಗಟ್ಟಿಯಾಗಿ ಕಲ್ಲಾಯಿತು. ನೆಲದೊಳಗಿನ ಒತ್ತಡಕ್ಕೆ ಆ ಕಲ್ಲು ಮಡಚಿ ಮಡಚಿ ನೆಟ್ಟಗೆ ನಿಂತಿತು, ಕಡಲಿನಿಂದ ಮೇಲೆದ್ದು ಬೆಟ್ಟವಾಯಿತು. ಮಳೆ ಗಾಳಿ ಆ ಬೆಟ್ಟವನ್ನು ತಿಂದು ತಿಂದು ಬುಡಕ್ಕೆ ತಂದವು. ಆಮೇಲೆ, ಸವೆದ ಆ ನೆಲದ ಮೇಲೆ ನದಿಗಳು ಹೊಸ ಮರಳನ್ನು ತಂದು ಹಾಸಿದವು, ಅದೂ ಕಲ್ಲಾಯಿತು. ಎರಡರ ಸಂಧಿಯಲ್ಲಿ, ಮೇಲಿನ ಪದರದ ಬುಡದಲ್ಲಿ, ಕೆಳಗಿನ ಕಲ್ಲಿನದೇ ಚೂರುಗಳು ಸಿಕ್ಕಿಕೊಂಡಿವೆ, ಚಿಕ್ಕಿಯಲ್ಲಿ ಕಡಲೆಬೀಜ ಸಿಕ್ಕಿಕೊಂಡ ಹಾಗೆ. ಮೇಲಿನ ಕಲ್ಲು ಹುಟ್ಟುವ ಹೊತ್ತಿಗೆ ಕೆಳಗಿನದು ಆಗಲೇ ಕಲ್ಲಾಗಿ, ಬೆಟ್ಟವಾಗಿ, ಒಡೆದು ಚೂರಾಗಿತ್ತು ಎಂಬುದಕ್ಕೆ ಬೇರೆ ಪುರಾವೆ ಬೇಡ.

ಆಗ ಆ ದೇಶದಲ್ಲಿ ಹೆಚ್ಚಿನವರು ನಂಬಿದ್ದ ಲೆಕ್ಕದಲ್ಲಿ ಭೂಮಿಗೆ ಆರು ಸಾವಿರ ವರ್ಷ. ಸೃಷ್ಟಿ ಆದದ್ದು ಕ್ರಿಸ್ತಪೂರ್ವ 4004ರಲ್ಲಿ ಎಂದು ಆರ್ಚ್‌ಬಿಷಪ್ ಅಷರ್ ಗುಣಿಸಿ ಹೇಳಿದ್ದ. ಈ ದರೆಯಲ್ಲಿ ನಡೆದ ಕೆಲಸ ಆರು ಸಾವಿರ ವರ್ಷದಲ್ಲಿ ಮುಗಿಯುವಂಥದ್ದಲ್ಲ. ಹಟನ್ ತನ್ನ ಬಳಿ ಅಂಕಿ ಇಲ್ಲದೆಯೇ ಇದನ್ನು ಕಂಡ. 43 ಕೋಟಿ, 37 ಕೋಟಿ ಎಂಬ ಲೆಕ್ಕ ಬಂದದ್ದು ಅವನ ಕಾಲ ಕಳೆದು ನೂರಕ್ಕೂ ಹೆಚ್ಚು ವರ್ಷದ ಮೇಲೆ.

ದೊಡ್ಡ ಅಂಕಿಗಳು ನಮಗೆ ಹೊಸತಲ್ಲ. ಪೂಜೆಗೆ ಕೂತು ಸಂಕಲ್ಪ ಹೇಳುವಾಗ ಕಲ್ಪ, ಮನ್ವಂತರ, ಯುಗಗಳನ್ನೆಲ್ಲ ಒಂದೇ ಉಸಿರಿಗೆ ದಾಟಿ ಇವತ್ತಿನ ತಿಥಿಗೆ ಬಂದುಬಿಡುತ್ತೇವೆ. ಸಂಖ್ಯೆ ದೊಡ್ಡದಾದಷ್ಟೂ ನಾಲಿಗೆಗೆ ಹಗುರ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಕೆಂಪೇಗೌಡರ ಗೋಪುರ ನಿಂತ ಬಂಡೆಗೆ 300 ಕೋಟಿ ವರ್ಷದ ಆಸುಪಾಸು ವಯಸ್ಸು, ಜೆಡ್‌ಬರೋದ ಕಲ್ಲು ಅದರ ಮುಂದೆ ಹಸುಗೂಸು. ಆ ಬಂಡೆಯ ಮೇಲೆ ಎಷ್ಟೋ ಸಂಜೆ ಕೂತು ಕಡಲೆಕಾಯಿ ತಿಂದಿದ್ದೇನೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂಬ ಫಲಕವನ್ನೂ ಓದಿದ್ದೇನೆ. ನಿಜ ಹೇಳಬೇಕೆಂದರೆ ಅಲ್ಲಿ ನನಗೆ ಬೆರಗಾಗಿರಲಿಲ್ಲ. ವಯಸ್ಸನ್ನು ತಿಳಿದಿದ್ದೆ, ಅಷ್ಟೇ. ಇಂಚ್‌ಬಾನಿಯಲ್ಲಿ ಯಾಕೆ ಮೈ ಜುಮ್ಮೆಂದಿತು ಎಂದು ಆ ದಿನವಿಡೀ ಕೇಳಿಕೊಳ್ಳುತ್ತಾ ಊರು ಸುತ್ತಿದೆ. ಉತ್ತರ ಊರಿನೊಳಗೇ, ಒಂದೊಂದು ಕಡೆ ಒಂದೊಂದು ಚೂರಾಗಿ ಸಿಕ್ಕಿತು.

ಜೆಡ್‌ಬರೋದ ಮಠಕ್ಕೆ ಸೂರಿಲ್ಲ. 1138ರಲ್ಲಿ ರಾಜ ಒಂದನೆಯ ಡೇವಿಡ್ ಅಗಸ್ಟೀನ್ ಪಂಥದ ಸಾಧುಗಳಿಗಾಗಿ ಕಟ್ಟಿಸತೊಡಗಿದ್ದು. ಗಡಿಯ ಊರಾದ್ದರಿಂದ ಇಂಗ್ಲೆಂಡಿನ ಸೇನೆ ಬಂದಾಗಲೆಲ್ಲ ಮಠಕ್ಕೆ ಪೆಟ್ಟು ಬೀಳುತ್ತಿತ್ತು. 1523ರಲ್ಲಿ, ಮತ್ತೆ 1544, 1545ರಲ್ಲಿ ಸುಟ್ಟರು. 1560ರಲ್ಲಿ ದೇಶದ ಧರ್ಮವೇ ಬದಲಾಗಿ ಮಠದ ಬದುಕು ಮುಗಿಯಿತು. ಈಗ ನಿಂತಿರುವುದು ಕಂಬಗಳು, ಕಮಾನುಗಳು, ಅವುಗಳ ಮೇಲೆ ಮತ್ತೆರಡು ಸಾಲು ಕಮಾನುಗಳು. ಕೆಳಸಾಲಿನ ಕಮಾನು ಅಗಲ, ಮೇಲೆ ಹೋದ ಹಾಗೆ ಚಿಕ್ಕದಾಗಿ ಒತ್ತೊತ್ತಾಗುತ್ತವೆ. ಕಣ್ಣು ತಾನಾಗಿ ಮೇಲೇರುತ್ತದೆ, ಏರಿ ಕೊನೆಗೆ ಸೂರು ಇರಬೇಕಾದಲ್ಲಿ ಮೋಡಕ್ಕೆ ಹೋಗಿ ತಾಗುತ್ತದೆ. ನಾನು ನೆಲದ ಹುಲ್ಲಿನ ಮೇಲೆ ನಿಂತು ಇಲ್ಲದ ಆ ಸೂರನ್ನು ನೋಡಿದೆ. ಕಮಾನುಗಳೆಲ್ಲ ಸೇರಿ ಅದನ್ನು ಈಗಲೂ ಎತ್ತಿ ಹಿಡಿದ ಹಾಗಿತ್ತು. ಸೂರು ಇದ್ದಿದ್ದರೆ ನಾನು ಅದನ್ನು ಅಷ್ಟು ಗಮನವಿಟ್ಟು ನೋಡುತ್ತಿರಲಿಲ್ಲ.

ಅಲ್ಲಿನ ವಸ್ತುಸಂಗ್ರಹದಲ್ಲಿ ಒಂದು ಬಾಚಣಿಗೆ ಇದೆ. 1984ರ ಉತ್ಖನನದಲ್ಲಿ ಸಿಕ್ಕಿದ್ದು. ವಾಲ್ರಸ್ ಎಂಬ ಕಡಲಪ್ರಾಣಿಯ ದಂತದಿಂದ ಮಾಡಿದ್ದು, ಒಂಬೈನೂರು ವರ್ಷದಷ್ಟು ಹಳೆಯದು. ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಚಿಕ್ಕದು, ಅದರ ಮೈಮೇಲೆ ಕಾದಾಡುವ ಡ್ರ್ಯಾಗನ್‌ನ ಕೆತ್ತನೆ. ಹಲ್ಲುಗಳ ಸಂದಿನಲ್ಲಿ ನನ್ನ ಕಣ್ಣು ನಿಂತಿತು. ಆ ಸಂದುಗಳಲ್ಲಿ ಯಾರದೋ ಕೂದಲು ಓಡಾಡಿತ್ತು. ಬಾಚಣಿಗೆಯಲ್ಲಿ ಕೆಲಸ ಮಾಡುವುದು ಹಲ್ಲೋ ಸಂದೋ? ಸಂದಿಲ್ಲದಿದ್ದರೆ ಅದು ಬರೀ ದಂತದ ತುಂಡು.

ರಾಣಿ ಮೇರಿಯ ಮನೆ ಎಂದು ಕರೆಯುವ ಕಲ್ಲಿನ ಕಟ್ಟಡ ಮಠದಿಂದ ನಡೆದು ಹೋಗುವಷ್ಟೇ ದೂರ. 1566ರ ಅಕ್ಟೋಬರಿನಲ್ಲಿ ಸ್ಕಾಟರ ರಾಣಿ ಮೇರಿ ನ್ಯಾಯವಿಚಾರಣೆಗೆಂದು ಜೆಡ್‌ಬರೋಗೆ ಬಂದಿದ್ದಳು. ಗಾಯಗೊಂಡು ಹರ್ಮಿಟೇಜ್ ಕೋಟೆಯಲ್ಲಿ ಮಲಗಿದ್ದ ತನ್ನ ಸರದಾರ ಬಾತ್‌ವೆಲ್‌ನನ್ನು ನೋಡಲು ಕುದುರೆಯ ಮೇಲೆ ಹೋಗಿ ಅದೇ ದಿನ ಮರಳಿದಳು; ಗುಡ್ಡ, ಜೌಗುನೆಲದ ದಾರಿ, ಹೋಗಿ ಬರಲು ಎಂಬತ್ತು ಕಿಲೋಮೀಟರಿಗೂ ಮೇಲೆ. ಬಂದವಳೇ ಜ್ವರದಿಂದ ಮಲಗಿ ಸಾವಿನ ಬಾಗಿಲು ತಟ್ಟಿ ಬಂದಳು. ಆ ದಾರಿಯ ಜೌಗಿನಲ್ಲಿ ಅವಳ ಗಡಿಯಾರ ಬಿದ್ದುಹೋಯಿತು, ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಕೆಸರಿನಲ್ಲಿದ್ದು ಮೇಲೆ ಬಂತು ಎಂದು ಆ ಸೀಮೆಯವರು ಹೇಳುತ್ತಾರೆ. ಕತೆಯೋ ನಿಜವೋ, ನನಗದು ಇಂಚ್‌ಬಾನಿಯ ತಮ್ಮನಂತೆ ಕೇಳಿಸಿತು. ಕಾಲ ತೋರಿಸುವ ವಸ್ತು ಮಣ್ಣಿನೊಳಗೆ ಹೋಗಿ, ತೋರಿಸದೆ ಉಳಿದ ಕಾಲವನ್ನು ಹೊತ್ತು ಮೇಲೆ ಬರುವುದು.

ಇಂಚ್‌ಬಾನಿಗೆ ಇನ್ನೊಂದು ಕತೆ ಇದೆ. ಹಟನ್ ದರೆ ನೋಡಿ ಹೋದ ಆ ಜಾಗದಲ್ಲೇ ಜೇಮ್ಸ್ ವೀಚ್ ಎಂಬ ನೇಗಿಲು ಮಾಡುವ ಬಡಗಿ ಇದ್ದ. ನೇಗಿಲಿನ ಕೆಲಸ ಮುಗಿದ ಮೇಲೆ ಕನ್ನಡಿ ಉಜ್ಜಿ, ಮಸೂರ ಅರೆದು ದೂರದರ್ಶಕ ಕಟ್ಟುತ್ತಿದ್ದ. ತಾನೇ ಕಲಿತ ವಿದ್ಯೆ. 1811ರ ದೊಡ್ಡ ಧೂಮಕೇತುವನ್ನು ಆ ದೇಶದಲ್ಲಿ ಮೊದಮೊದಲು ಕಂಡವರಲ್ಲಿ ಅವನೂ ಒಬ್ಬ ಎನ್ನುತ್ತಾರೆ. ಒಂದೇ ದಂಡೆಯ ಮೇಲೆ ಒಬ್ಬ ತಲೆ ಬಗ್ಗಿಸಿ ನೆಲದ ಹಳಮೆಯನ್ನು ನೋಡಿದ, ಇನ್ನೊಬ್ಬ ತಲೆ ಎತ್ತಿ ಆಕಾಶವನ್ನು ನೋಡಿದ. ವೀಚ್‌ನ ಕಾರ್ಖಾನೆಗೆ ಊರಿನ ಹುಡುಗರು ಬಂದು ಕೂರುತ್ತಿದ್ದರು. ಅವರಲ್ಲಿ ಶಾಲೆಯ ಮುಖ್ಯಗುರುಗಳ ಮಗ ಡೇವಿಡ್ ಬ್ರೂಸ್ಟರ್ ಒಬ್ಬ. ಹಟನ್ ಬಂದ ವರ್ಷ ಆತನಿಗೆ ಐದಾರರ ವಯಸ್ಸು. ಹತ್ತನೇ ವಯಸ್ಸಿಗೆ ತಾನೇ ಒಂದು ದೂರದರ್ಶಕ ಮಾಡಿದ, ಹನ್ನೆರಡಕ್ಕೆ ಎಡಿನ್‌ಬರೋ ವಿಶ್ವವಿದ್ಯಾಲಯ ಸೇರಿದ. ಮುಂದೆ ಬೆಳಕಿನ ಬಗ್ಗೆ ದೊಡ್ಡ ಕೆಲಸ ಮಾಡಿದ. ನಮ್ಮ ಮನೆಮನೆಗೂ ಬಂದದ್ದು ಮಾತ್ರ ಅವನ ಆಟಿಕೆ. 1816ರಲ್ಲಿ ಅವನು ಕಂಡುಹಿಡಿದ ಕೆಲಿಡೋಸ್ಕೋಪ್.

ನಮ್ಮೂರಿನಲ್ಲಿ ಅದಕ್ಕೆ ಹೆಸರಿರಲಿಲ್ಲ. ಅಕ್ಕ ಶಾಲೆಯಲ್ಲಿ ಕಲಿತು ಬಂದು ಮಾಡಿದ್ದಳು: ಉದ್ದಕ್ಕೆ ಕತ್ತರಿಸಿದ ಮೂರು ಗಾಜಿನ ಪಟ್ಟಿ, ಸುತ್ತಲೂ ಕಪ್ಪು ಕಾಗದ, ಒಂದು ತುದಿಗೆ ಎಣ್ಣೆಕಾಗದ, ಒಳಗೆ ಒಡೆದ ಬಳೆಯ ಚೂರು. ಹಸಿರು ಬಳೆ ಅಮ್ಮನದು, ಕೆಂಪು ಅತ್ತೆಯದು. ಒಂದು ಮಧ್ಯಾಹ್ನ ಅವಳಿಗೆ ಎಂಥದೋ ಚೆಂದದ ಹೂವು ಕಂಡಿತು. ಕೊಳವೆಯನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಜಗಲಿಯಿಂದ ಅಡುಗೆಮನೆಗೆ ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ಹೋದಳು. “ತಾಗಿಸಬೇಡ ಕಣೋ, ಹೋಗಿಬಿಡುತ್ತೆ” ಎಂದು ನನ್ನನ್ನು ದೂರ ಸರಿಸಿದಳು. ಅಮ್ಮ ಹಿಟ್ಟಿನ ಕೈಯನ್ನು ಹಾಗೇ ಇಟ್ಟುಕೊಂಡು ಕಣ್ಣು ಮಾತ್ರ ತಂದು ನೋಡಿದಳು. “ಎಷ್ಟು ಚೆನ್ನಾಗಿದೆ ಕಣೇ.” ಅಕ್ಕ ತಾನೂ ಇಣುಕಿದಳು, ಮುಖ ಬಾಡಿತು. “ಇದಲ್ಲಮ್ಮಾ, ಮುಂಚೆ ಇದ್ದದ್ದು.”

ಮುಂಚೆ ಇದ್ದದ್ದನ್ನು ಅಕ್ಕನ ಹೊರತು ಯಾರೂ ನೋಡಲಿಲ್ಲ. ಆದರೆ ಅವಳ ಮುಖ ನೋಡಿ ಅದು ಎಷ್ಟು ಚೆಂದ ಇದ್ದಿರಬೇಕು ಎಂದು ನನಗೆ ಗೊತ್ತಾಯಿತು. ಇಂಚ್‌ಬಾನಿಯ ಗೆರೆಯೆದುರು ನಿಂತಾಗ ನನಗೆ ನೆನಪಾದದ್ದು ಆ ಮುಖವೇ. ಕೆಳಗಿನ ಕಲ್ಲು ಒಂದು ಜೋಡಣೆ, ಮೇಲಿನದು ಇನ್ನೊಂದು ಜೋಡಣೆ. ನಡುವೆ ಯಾರೋ ಕೊಳವೆಯನ್ನು ತಿರುಗಿಸಿದ್ದಾರೆ. ಅಲ್ಲಿ ಇದ್ದ ಬೆಟ್ಟ, ಅದರ ಮೇಲೆ ಸುರಿದ ಮಳೆ, ಹರಿದ ಹೊಳೆ, ಯಾವುದೂ ಉಳಿದಿಲ್ಲ. ಉಳಿದದ್ದು, ಅವೆಲ್ಲ ಇದ್ದವು ಎಂಬ ಗುರುತು.

ಲಾಲ್‌ಬಾಗ್‌ನ ಬಂಡೆಯ ಮೇಲೆ ಬೆರಗಾಗದಿದ್ದುದಕ್ಕೆ ಕಾರಣ ಇದೇ ಇರಬೇಕು. ನಾನು ಕೂತ ಜಾಗದಲ್ಲಿ ಕಣ್ಣಿಗೆ ಬೀಳುತ್ತಿದ್ದದ್ದು ಒಂದೇ ಬಂಡೆ, ಉದ್ದಗಲಕ್ಕೂ ಅದೇ. ಎಷ್ಟೇ ದೊಡ್ಡದಾದರೂ, ಎಷ್ಟೇ ಹಳೆಯದಾದರೂ ಒಂದೇ ಆಗಿರುವುದು ಮನಸ್ಸನ್ನು ಸುಮ್ಮನಾಗಿಸುತ್ತದೆ. ಎರಡು ಸೇರಿ, ಸೇರುವಲ್ಲಿ ಹೊಂದಿಕೆ ತಪ್ಪಿದಾಗ ಮನಸ್ಸು ಎದ್ದು ಕೂರುತ್ತದೆ: ಇವೆರಡರ ನಡುವೆ ಏನೋ ಇತ್ತು, ಏನದು? ನಮ್ಮ ಅಲಂಕಾರಶಾಸ್ತ್ರ ಅದ್ಭುತ ರಸಕ್ಕೆ ವಿಸ್ಮಯವನ್ನು ಸ್ಥಾಯಿಭಾವ ಎಂದಿತು. ಸ್ಥಾಯಿ ಎಂದರೆ ಒಳಗೆ ನೆಲೆ ನಿಂತದ್ದು. ವಿಸ್ಮಯ ಹೊರಗಿನಿಂದ ಬರುವುದಿಲ್ಲ, ಒಳಗಿದ್ದದ್ದು ಏಳಬೇಕು. ಅದನ್ನು ಎಬ್ಬಿಸಲು ಒಂದು ಬಿರುಕು ಸಾಕು.

ಬ್ರೂಸ್ಟರ್ ಹುಟ್ಟುವ ಒಂದು ವರ್ಷ ಮೊದಲು, 1780ರ ಡಿಸೆಂಬರಿನಲ್ಲಿ, ಇದೇ ಊರಿನ ಪಾದ್ರಿಗಳ ಮನೆಯಲ್ಲಿ ಮೇರಿ ಸಾಮರ್‌ವಿಲ್ ಹುಟ್ಟಿದಳು. ಬೆಳೆದದ್ದು ಕಡಲತೀರದ ಬರ್ನ್‌ಟೈಲೆಂಡ್‌ನಲ್ಲಿ. ಹೆಣ್ಣುಮಕ್ಕಳ ಫ್ಯಾಷನ್ ಪತ್ರಿಕೆಯೊಂದರ ಒಗಟಿನ ಪುಟದಲ್ಲಿ ಒಂದು ದಿನ ಅವಳಿಗೆ ಅಂಕಿಗಳ ನಡುವೆ ಅಕ್ಷರಗಳು ಕಂಡವು. ಲೆಕ್ಕದಲ್ಲಿ ಅಕ್ಷರಕ್ಕೇನು ಕೆಲಸ? ಕೇಳಿದಾಗ, ಅದಕ್ಕೆ ಬೀಜಗಣಿತ ಎನ್ನುತ್ತಾರೆ ಎಂಬುದಷ್ಟೇ ಉತ್ತರ. ಆ ಅರ್ಧ ಉತ್ತರ ಅವಳನ್ನು ಬಿಡಲಿಲ್ಲ. ರಾತ್ರಿ ಕೂತು ಓದುತ್ತಾಳೆಂದು ಮನೆಯವರು ಮೇಣದಬತ್ತಿ ತೆಗೆದಿಟ್ಟರು. ಅವಳು ಕತ್ತಲಲ್ಲಿ ಮಲಗಿಯೇ ಯೂಕ್ಲಿಡ್‌ನ ಪ್ರಮೇಯಗಳನ್ನು ಮನಸ್ಸಿನಲ್ಲಿ ಬಿಡಿಸಿದಳು. 1831ರಲ್ಲಿ, ಲಾಪ್ಲಾಸ್‌ನ ಖಗೋಳಗಣಿತವನ್ನು ಇಂಗ್ಲಿಷ್ ಓದುಗರಿಗೆ ತಿಳಿಯುವಂತೆ ಬಿಡಿಸಿ ಹೇಳಿದ ಅವಳ ಗ್ರಂಥ ಬಂತು. ಆಕ್ಸ್‌ಫರ್ಡಿನಲ್ಲಿ ಇಂದಿರಾ ಗಾಂಧಿ ಓದಿದ ಕಾಲೇಜಿಗೆ ಇರುವುದು ಅವಳದೇ ಹೆಸರು. ಅಕ್ಷರಕ್ಕೂ ಅಂಕಿಗೂ ನಡುವೆ ಹೊಂದಿಕೆಯಾಗದ ಒಂದು ಸಂಧಿ ಆ ಹುಡುಗಿಯ ಕಣ್ಣಿಗೆ ಬಿದ್ದದ್ದರಿಂದ ಇಷ್ಟೆಲ್ಲ ಆಯಿತು.

ಜೆಡ್‌ಬರೋದಿಂದ ಪಶ್ಚಿಮಕ್ಕೆ ಹತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಡೆನ್‌ಹೋಮ್ ಎಂಬ ಹಳ್ಳಿ. ಊರ ನಡುವಿನ ಹಸಿರು ಬಯಲಿನಲ್ಲಿ ಜಾನ್ ಲೇಡನ್‌ನ ಸ್ಮಾರಕ. ಅದರ ಮುಂದೆ ನಾನು ಸ್ವಲ್ಪ ಹೆಚ್ಚೇ ಹೊತ್ತು ನಿಂತೆ. 1775ರಲ್ಲಿ ಇಲ್ಲಿ ಬಡ ಮನೆಯಲ್ಲಿ ಹುಟ್ಟಿದ ಹುಡುಗ. ಕವಿ, ವೈದ್ಯ, ಭಾಷೆಗಳ ಹುಚ್ಚು ಹಿಡಿದವನು. 1803ರಲ್ಲಿ ಮದ್ರಾಸಿಗೆ ಬಂದ, ಅಲ್ಲಿಂದ ಮೈಸೂರು ಸರ್ವೆಯ ಜೊತೆ ವೈದ್ಯನಾಗಿ ನಮ್ಮ ಸೀಮೆಗೆ ಬಂದ. ಕಾಯಿಲೆ ಬಿದ್ದು ಶ್ರೀರಂಗಪಟ್ಟಣದಲ್ಲಿ ಮಲಗಿದ. ಮುಂದೆ 1811ರಲ್ಲಿ ಜಾವಾದಲ್ಲಿ ತೀರಿಕೊಂಡ, ಆಗ ಅವನಿಗೆ ಮೂವತ್ತಾರೂ ತುಂಬಿರಲಿಲ್ಲ. ಜೆಡ್ ಹೊಳೆಯ ಸೀಮೆಯ ಮನುಷ್ಯ ಜ್ವರದಲ್ಲಿ ಮಲಗಿ ಕಾವೇರಿಯ ಸದ್ದು ಕೇಳಿರಬೇಕು. ಅವನ ಹಳ್ಳಿಯಲ್ಲಿ ಈಗ ಕಾವೇರಿ ಸೀಮೆಯ ನಾನು ನಿಂತಿದ್ದೆ. ಎರಡು ಊರುಗಳ ನಡುವಿನ ದೂರವೂ ಒಂದು ಗೆರೆಯಂತೆ ಕಂಡಿತು, ಈಚೆಗೊಂದು ಕಲ್ಲು, ಆಚೆಗೊಂದು ಕಲ್ಲು.

ತಿಳಿದುಕೊಂಡರೆ ಬೆರಗು ಸತ್ತುಹೋಗುತ್ತದೆ ಎನ್ನುವವರಿದ್ದಾರೆ. ನನಗೆ ಇಲ್ಲಿ ಕಂಡದ್ದು ಅದರ ತಿರುವುಮುರುವು. ಶತಮಾನಗಳಿಂದ ಈ ದರೆಯ ಪಕ್ಕದಲ್ಲಿ ದನ ಮೇಯಿಸಿದವರು, ಬಟ್ಟೆ ಒಗೆದವರು, ಮೀನು ಹಿಡಿದವರು ಎಷ್ಟೋ ಜನ. ಕಲ್ಲು ಅವರ ಕಣ್ಣೆದುರೇ ಇತ್ತು. ಮಳೆ ಮಣ್ಣನ್ನು ಕೊಚ್ಚುತ್ತದೆ ಎಂಬ ರೈತನ ತಿಳಿವಳಿಕೆ ಹೊತ್ತು ಬಂದವನಿಗೆ ಮಾತ್ರ ಅದು ಬಾಯಿ ಬಿಟ್ಟಿತು. ತಿಳಿವಳಿಕೆ ಬೆರಗಿನ ಮೇಲಿನ ಮುಸುಕನ್ನು ಸರಿಸುತ್ತದೆ. ಗೆರೆ ಎಲ್ಲಿದೆ ಎಂದು ತೋರಿಸುತ್ತದೆ. ಗೆರೆಯೊಳಗೆ ಇಣುಕುವ ಕೆಲಸ ಮತ್ತೆ ನಮ್ಮದೇ. ಶರಣರು ಬಯಲು ಎಂದದ್ದನ್ನು ನಾನು ಬಹುಕಾಲ ಬರೀ ಏನೂ ಇಲ್ಲದ್ದು ಎಂದುಕೊಂಡಿದ್ದೆ. ಜೆಡ್ ಹೊಳೆಯ ದಂಡೆಯಲ್ಲಿ ಆ ಮಾತು ಬೇರೆಯಾಗಿ ಕೇಳಿಸಿತು. ಎಲ್ಲವನ್ನೂ ಒಳಗಿಟ್ಟುಕೊಂಡು ಏನನ್ನೂ ತೋರಿಸದ ಬಯಲು ಆ ಗೆರೆ, ಅಂಗೈಯಗಲದ್ದು.

ಹಟನ್‌ನ ಗೆಳೆಯ, ಎಲ್ಡಿನ್‌ನ ಜಾನ್ ಕ್ಲರ್ಕ್, ಈ ದರೆಯ ಚಿತ್ರ ಬರೆದ. ಹಟನ್ 1795ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದರ ಅಚ್ಚು ಇದೆ. ಪುಟದ ಕೆಳಭಾಗದಲ್ಲಿ ನೆಟ್ಟಗೆ ನಿಂತ ಕಲ್ಲಿನ ಪದರಗಳು, ಅವುಗಳ ಮೇಲೆ ಮಲಗಿದ ಪದರಗಳು, ಅವುಗಳ ಮೇಲೆ ತೆಳ್ಳಗೆ ಮಣ್ಣು, ಗಿಡಮರ. ತುತ್ತತುದಿಯಲ್ಲಿ, ದಾರಿಯ ಮೇಲೆ ಒಂದು ಕುದುರೆಗಾಡಿ, ಒಬ್ಬ ಸವಾರ. ಅವರಿಗೆ ತಮ್ಮ ಕಾಲ ಕೆಳಗಿನದು ಗೊತ್ತಿಲ್ಲ. ಎಲ್ಲಿಗೋ ಹೊರಟಿದ್ದಾರೆ, ಊಟದ ಹೊತ್ತಿಗೆ ತಲುಪಬೇಕಿರಬೇಕು.

ಸಂಜೆ ಇಂಚ್‌ಬಾನಿಯಿಂದ ಹೆದ್ದಾರಿಯ ಅಂಚು ಹಿಡಿದು ಊರಿಗೆ ನಡೆದು ಬಂದೆ. ಲಾರಿಗಳು ಇಂಗ್ಲೆಂಡಿನ ಕಡೆಗೆ ಹೋಗುತ್ತಿದ್ದವು. ಎಡಗಾಲು ಊರಿ ಬಲಗಾಲು ಎತ್ತುವಾಗ ಆ ಚಿತ್ರ ಕಣ್ಣಿಗೆ ಬಂತು. ಡಾಂಬರಿನ ಕೆಳಗೆ ಮಣ್ಣು, ಮಣ್ಣಿನ ಕೆಳಗೆ ಮಲಗಿದ ಕಲ್ಲು, ಅದರ ಕೆಳಗೆ ಆ ಗೆರೆ, ಗೆರೆಯ ಕೆಳಗೆ ನಿಂತ ಕಲ್ಲು. ಹೆಜ್ಜೆಯನ್ನು ಸ್ವಲ್ಪ ಮೆಲ್ಲಗೆ ಇಟ್ಟೆ. ಕೊಳವೆ ಹಿಡಿದು ಅಡುಗೆಮನೆಗೆ ನಡೆದ ಅಕ್ಕನ ಹಾಗೆ.